ಯಕೃತ್ತಿನ ಕಾಠಿಣ್ಯ ಮತ್ತು ಮಲಪರೀಕ್ಷೆ

ಪೀಠಿಕೆ

ಕನ್ನಡ ನುಡಿಯಲ್ಲಿ ಮಲವಿಸರ್ಜನೆಯನ್ನು ನೇರವಾಗಿ ಹೆಸರಿಸುವ ಮಾತುಗಳು ವಿರಳ. ಮರೆಮಾಡಿ ಹೇಳುವ ಮಾತುಗಳು ಹೇರಳ. ಬಹಿರ್ದೆಸೆಗೆ ಹೋಗುವುದು, ಬಯಲಕಡೆಗೆ ಹೋಗುವುದು, ಹೊರಕಡೆಗೆ ಹೋಗುವುದು, ಚೆಂಬು ಹಿಡಿಯುವುದು ಎಂದು ಊರೂರಿಗೆ ಒಂದೊಂದು ವಾಡಿಕೆ. ಶಾಲೆಯ ಮಗುವಂತೂ ಗುರುಗಳೆದುರು ಎರಡು ಬೆರಳನ್ನೆತ್ತಿ ಮಾತಿಲ್ಲದೆಯೇ ತನ್ನ ಅವಸರವನ್ನು ತಿಳಿಸುತ್ತದೆ. ಸಭ್ಯತೆಯ ದೃಷ್ಟಿಯಿಂದ ಇದು ಸರಿಯಾದುದೇ. ಆದರೆ ಈ ಸಂಕೋಚವು ವೈದ್ಯನ ಮುಂದೆಯೂ ಬಾಯಿ ಕಟ್ಟಿದರೆ ಅದು ಪ್ರಾಣಕ್ಕೇ ಎರವಾಗುವುದುಂಟು. ಯಕೃತ್ತಿನ ರೋಗದಲ್ಲಿ ಈ ಮಾತು ವಿಶೇಷವಾಗಿ ಸತ್ಯ. ಅಲ್ಲಿ ಮುಂಬರುವ ವಿಪತ್ತಿನ ಮೊದಲ ಸುದ್ದಿಯನ್ನು ಅನೇಕ ವೇಳೆ ತರುವುದು ರೋಗಿಯ ನೋವಲ್ಲ, ಅವನ ಮಲ. ಆ ಸುದ್ದಿಯನ್ನು ಓದುವ ಬಗೆಯನ್ನು ಹಳೆಯ ಶಾಸ್ತ್ರದ ದೃಷ್ಟಿಯಿಂದಲೂ ಇಂದಿನ ವಿಜ್ಞಾನದ ದೃಷ್ಟಿಯಿಂದಲೂ ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಪ್ರಾಚೀನರ ದೃಷ್ಟಿ

ನಮ್ಮ ಪ್ರಾಚೀನ ವೈದ್ಯರಿಗೆ ಈ ವಿಷಯದಲ್ಲಿ ಸಂಕೋಚವಿರಲಿಲ್ಲ. ಯೋಗರತ್ನಾಕರವೆಂಬ ವೈದ್ಯಗ್ರಂಥವು ರೋಗಿಯನ್ನು ಎಂಟು ವಿಧದಲ್ಲಿ ಪರೀಕ್ಷಿಸಬೇಕೆಂದು ವಿಧಿಸುತ್ತದೆ: ನಾಡಿ, ಮೂತ್ರ, ಮಲ, ಜಿಹ್ವೆ, ಶಬ್ದ, ಸ್ಪರ್ಶ, ದೃಷ್ಟಿ, ಆಕೃತಿ. ಇವುಗಳಲ್ಲಿ ಮಲಕ್ಕೆ ಮೂರನೆಯ ಸ್ಥಾನ. ಚರಕಸಂಹಿತೆಯ ಗ್ರಹಣೀ ಪ್ರಕರಣದಲ್ಲಿ ಮಲವು ನೀರಿನಲ್ಲಿ ಮುಳುಗಿದರೆ ಆಮಯುಕ್ತವೆಂದೂ ತೇಲಿದರೆ ಪಕ್ವವೆಂದೂ ತಿಳಿಯುವ ಕ್ರಮವನ್ನು ಹೇಳಿದೆ. ಪರೀಕ್ಷೆಗೆ ಬೇಕಾದ ಉಪಕರಣ ಒಂದು ಪಾತ್ರೆ ನೀರು ಮಾತ್ರ!

ಯಕೃತ್ತಿಗೂ ಮಲಕ್ಕೂ ಇರುವ ಸಂಬಂಧವನ್ನೂ ಅವರು ಗುರುತಿಸದೆ ಬಿಟ್ಟಿರಲಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಪಾಂಡುರೋಗ ಪ್ರಕರಣದಲ್ಲಿ ಕಾಮಲೆಯ ಒಂದು ಪ್ರಭೇದ ವರ್ಣಿತವಾಗಿದೆ. ಅದರಲ್ಲಿ ಕಫವು ಪಿತ್ತದ ಮಾರ್ಗವನ್ನು ತಡೆಯುತ್ತದೆ. ಕಣ್ಣು ಚರ್ಮಗಳು ಹಳದಿಯಾಗುತ್ತವೆ. ಮಲವು ಮಾತ್ರ ಅರೆದ ಎಳ್ಳಿನ ಹಿಟ್ಟಿನಂತೆ ಬಿಳಿಚಿಕೊಳ್ಳುತ್ತದೆ. ಪಿತ್ತರಸವು ಕರುಳಿಗೆ ಇಳಿಯದಿದ್ದಾಗ ಮಲವು ತನ್ನ ಸಹಜ ವರ್ಣವನ್ನು ಕಳೆದುಕೊಳ್ಳುತ್ತದೆಂಬ ಇಂದಿನ ವಿವರಣೆಗೆ ಇದು ಎಷ್ಟು ಸಮೀಪವಾಗಿದೆಯೆಂಬುದನ್ನು ವಾಚಕರೇ ಊಹಿಸಬಹುದು. ಯಕೃತ್ತು ಮತ್ತು ಪ್ಲೀಹಗಳು ರಕ್ತವಹ ಸ್ರೋತಸ್ಸುಗಳ ಮೂಲವೆಂದು ಸುಶ್ರುತನು ಹೇಳಿರುವುದೂ ಮನನೀಯ. ಹೊಟ್ಟೆಯಲ್ಲಿ ನೀರು ತುಂಬುವ ಜಲೋದರವನ್ನು ಎಂಟು ಉದರರೋಗಗಳಲ್ಲಿ ಒಂದೆಂದು ಎಣಿಸಿ, ಅದು ಕಷ್ಟಸಾಧ್ಯವೆಂದು ಪೂರ್ವಿಕರು ಎಚ್ಚರಿಸಿದ್ದರು.

ಹಾಗೆಂದು ಇಂದು ತಿಳಿದುದೆಲ್ಲವೂ ಅಂದೇ ತಿಳಿದಿತ್ತೆಂದು ಹೇಳುವುದು ಸತ್ಯಕ್ಕೆ ಅಪಚಾರ. ನೋಡುವ ಕಣ್ಣು ಅವರಿಗಿತ್ತು. ಕಣ್ಣಿಗೆ ಕಾಣದುದನ್ನು ಅಳೆಯುವ ಸಾಧನ ಇರಲಿಲ್ಲ. ಆ ಸಾಧನವು ಬಂದುದು ಈಚಿನ ನೂರೈವತ್ತು ವರ್ಷಗಳಲ್ಲಿ.

ಯಕೃತ್ತಿನ ಕಾಠಿಣ್ಯವೆಂದರೇನು?

ವಯಸ್ಕನ ಯಕೃತ್ತು ಸುಮಾರು ಒಂದೂವರೆ ಕಿಲೋಗ್ರಾಂ ತೂಗುವ ಅಂಗ. ಕರುಳಿನಲ್ಲಿ ಜೀರ್ಣವಾದ ಅನ್ನರಸವನ್ನು ಹೊತ್ತ ರಕ್ತವೆಲ್ಲವೂ ದ್ವಾರಸಿರೆಯೆಂಬ ದೊಡ್ಡ ನಾಳದ ಮೂಲಕ ಮೊದಲು ಇಲ್ಲಿಗೆ ಬಂದು, ಶೋಧಿಸಲ್ಪಟ್ಟು, ಅನಂತರ ಹೃದಯವನ್ನು ಸೇರುತ್ತದೆ. ಮದ್ಯಪಾನ, ಹೆಪಟೈಟಿಸ್ ಬಿ ಮತ್ತು ಸಿ ವೈರಸ್ಸುಗಳು, ಮಧುಮೇಹ ಸ್ಥೂಲತೆಗಳೊಡನೆ ಬರುವ ಕೊಬ್ಬಿನ ಸಂಚಯ ಮುಂತಾದ ಕಾರಣಗಳಿಂದ ಯಕೃತ್ತಿಗೆ ವರ್ಷಗಟ್ಟಲೆ ಪೆಟ್ಟು ಬಿದ್ದರೆ, ಗಾಯ ಮಾಯ್ದಲ್ಲೆಲ್ಲ ನಾರು ಬೆಳೆದು, ಮೃದುವಾದ ಅಂಗವು ಗಂಟುಗಂಟಾಗಿ ಗಡುಸಾಗುತ್ತದೆ. ಇದೇ ಸಿರೋಸಿಸ್. ಫ್ರಾನ್ಸಿನ ವೈದ್ಯ ಲೆನೆಕ್ ಎಂಬವನು 1819ರಲ್ಲಿ ಈ ಹೆಸರನ್ನು ಕೊಟ್ಟನು. ಕಂದುಹಳದಿ ಬಣ್ಣವನ್ನು ಸೂಚಿಸುವ ಗ್ರೀಕ್ ಪದವು ಇದರ ಮೂಲ. ಹೆಸರು ಬಣ್ಣದಿಂದ ಬಂದಿತಾದರೂ ಹಾನಿ ಬರುವುದು ಕಾಠಿಣ್ಯದಿಂದ.

ಇದನ್ನು ವಿಜಯಪುರದ ಜನರಿಗೆ ಬೇರೆ ದೃಷ್ಟಾಂತದಿಂದ ವಿವರಿಸಬೇಕಾಗಿಲ್ಲ. ನಗರದ ನೆರೆಯ ಭೂತನಾಳದ ಕೆರೆಯು ಬಹುಕಾಲ ಊರಿಗೆ ನೀರುಣಿಸಿತು. ಅದಕ್ಕೂ ಹಿಂದೆ ಆದಿಲಶಾಹಿಯ ಕಾಲದಲ್ಲಿ ತೊರವಿಯಿಂದಲೂ, 1651ರಲ್ಲಿ ನಿರ್ಮಿತವಾದ ಬೇಗಂ ತಲಾಬಿನಿಂದಲೂ ಮಣ್ಣಿನ ಕೊಳವೆಗಳಲ್ಲಿ ನೀರು ಹರಿದು ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ‘ಗಂಜ’ಗಳೆಂಬ ಎತ್ತರದ ಗೋಪುರಗಳನ್ನು ಕಟ್ಟಿದ್ದರು. ಕೊಳವೆಯೊಳಗಿನ ಒತ್ತಡವು ಮಿತಿಮೀರಿ ಕೊಳವೆ ಒಡೆಯದಂತೆ ಆ ಗೋಪುರಗಳು ಕಾಯುತ್ತಿದ್ದವು. ಯಕೃತ್ತು ಗಡುಸಾದಾಗ ದ್ವಾರಸಿರೆಯ ರಕ್ತಕ್ಕೆ ಮುಂದೆ ಹರಿಯಲು ಎಡೆಯಿಲ್ಲದೆ ಹಿಂದೆ ಒತ್ತಡವೇರುತ್ತದೆ. ಶರೀರದಲ್ಲಿ ಗಂಜಗಳಿಲ್ಲ. ಆದುದರಿಂದ ರಕ್ತವು ಅನ್ನನಾಳದ ಮತ್ತು ಜಠರದ ತೆಳುವಾದ ಸಿರೆಗಳಲ್ಲಿ ಅಡ್ಡದಾರಿ ಹಿಡಿದು ಅವುಗಳನ್ನು ಉಬ್ಬಿಸುತ್ತದೆ. ಆರೋಗ್ಯವಂತನಲ್ಲಿ ದ್ವಾರಸಿರೆಗೂ ಯಕೃತ್ತಿನಿಂದ ಹೊರಡುವ ಸಿರೆಗೂ ನಡುವಣ ಒತ್ತಡದ ಅಂತರ ಪಾದರಸದ 5 ಮಿಲಿಮೀಟರನ್ನು ಮೀರದು. ಅದು 10ಕ್ಕೆ ಏರಿದರೆ ಸಿರೆಗಳು ಉಬ್ಬುವ ಭಯ. 12ನ್ನು ಮುಟ್ಟಿದರೆ ಒಡೆಯುವ ಭಯ.

ಈ ಒತ್ತಡ ಮತ್ತು ಯಕೃತ್ತಿನ ಅಶಕ್ತತೆಗಳಿಂದ ಹುಟ್ಟುವ ಉಪದ್ರವಗಳಲ್ಲಿ ಮುಖ್ಯವಾದುವು ನಾಲ್ಕು: ಉಬ್ಬಿದ ಸಿರೆಗಳ ರಕ್ತಸ್ರಾವ, ಜಲೋದರ, ಜಲೋದರದ ನೀರಿಗೆ ತಗಲುವ ಸೋಂಕು, ಮತ್ತು ಮನಸ್ಸು ಮಂಕಾಗುವ ಯಕೃಜ್ಜನ್ಯ ಮಸ್ತಿಷ್ಕವಿಕಾರ. ಇವುಗಳಲ್ಲಿ ಮಲವು ಯಾವುದನ್ನು, ಎಷ್ಟರಮಟ್ಟಿಗೆ ಸೂಚಿಸಬಲ್ಲುದೆಂಬುದನ್ನು ಇನ್ನು ನೋಡಬಹುದು.

ಮೊದಲನೆಯ ಲಕ್ಷಣ: ಕೃಷ್ಣವರ್ಣ

ಅನ್ನನಾಳದಲ್ಲಿಯೋ ಜಠರದಲ್ಲಿಯೋ ಸೋರಿದ ರಕ್ತವು ಕರುಳಿನ ದೀರ್ಘಮಾರ್ಗದಲ್ಲಿ ಪಚನಗೊಂಡು ಕಪ್ಪಾಗುತ್ತದೆ. ಆಗ ಮಲವು ಡಾಂಬರಿನಂತೆ ಕಪ್ಪಾಗಿ, ಹೊಳಪಾಗಿ, ಅಂಟಂಟಾಗಿ, ಅಸಹ್ಯವಾದ ವಿಶಿಷ್ಟ ದುರ್ಗಂಧದಿಂದ ಕೂಡಿರುತ್ತದೆ. ಇಷ್ಟಾಗಲು 50ರಿಂದ 100 ಮಿಲಿಲೀಟರ್ ರಕ್ತ ಸಾಕು. ಅಂದರೆ ಅರ್ಧ ಲೋಟವೂ ಬೇಡ. ರೋಗಿಗೆ ಹೊಟ್ಟೆ ನೋಯಬೇಕೆಂಬ ನಿಯಮವಿಲ್ಲ. ಕಬ್ಬಿಣದ ಮಾತ್ರೆಗಳನ್ನು ಸೇವಿಸುವವರಲ್ಲಿಯೂ ಮಲವು ಕಪ್ಪಾಗುವುದುಂಟು. ಆದರೆ ಅದರಲ್ಲಿ ಡಾಂಬರಿನ ಅಂಟೂ ಆ ದುರ್ಗಂಧವೂ ಇರುವುದಿಲ್ಲ. ಬೀಟ್‌ರೂಟ್ ತಿಂದವರ ಮಲವು ಕೆಂಪಾಗುವುದೂ ರಕ್ತವಲ್ಲ. ಈ ಭೇದವನ್ನು ಮನೆಯವರು ಅರಿತಿರಬೇಕು. ಸಂದೇಹ ಉಳಿದರೆ ರಕ್ತವೆಂದೇ ಭಾವಿಸಿ ಆಸ್ಪತ್ರೆಗೆ ಧಾವಿಸಬೇಕು. ಏಕೆಂದರೆ ಉಬ್ಬಿದ ಸಿರೆ ಒಡೆದವರಲ್ಲಿ ಇಂದಿನ ಚಿಕಿತ್ಸೆ ದೊರೆತರೂ ನೂರಕ್ಕೆ ಸುಮಾರು 15ರಿಂದ 20 ಮಂದಿ ಆರು ವಾರಗಳೊಳಗೆ ಮರಣಹೊಂದುತ್ತಾರೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕರುಳಿಗಿಳಿದ ರಕ್ತವು ಸ್ವತಃ ಪ್ರೋಟೀನು. ಅಲ್ಲಿಯ ಸೂಕ್ಷ್ಮಾಣುಗಳು ಅದನ್ನು ಒಡೆದಾಗ ಅಮೋನಿಯಾ ಹುಟ್ಟಿ ಮೆದುಳನ್ನು ಮಂಕುಗೊಳಿಸುತ್ತದೆ. ರಕ್ತಸ್ರಾವದ ವೇಳೆ ಸೋಂಕಿನ ಸಂಭವವೂ ಹೆಚ್ಚು. ಆದುದರಿಂದಲೇ ವೈದ್ಯರು ಆಗ ಪ್ರತಿಜೈವಿಕ ಔಷಧವನ್ನೂ ಕೊಡುತ್ತಾರೆ. ಹೀಗೆ ಒಂದು ಕಪ್ಪು ಮಲವು ಮೂರು ಉಪದ್ರವಗಳಿಗೆ ಏಕಕಾಲದಲ್ಲಿ ಎಚ್ಚರಿಕೆ.

ಎರಡನೆಯದು: ಗುಪ್ತರಕ್ತ

ರಕ್ತವು ಅಲ್ಪಪ್ರಮಾಣದಲ್ಲಿ ಸೋರಿದರೆ ಮಲದ ಬಣ್ಣವು ಬದಲಾಗದು. ಅಂಥ ಗುಪ್ತರಕ್ತವನ್ನು ಕಂಡುಹಿಡಿಯುವ ಉಪಾಯವನ್ನು 1864ರಲ್ಲಿ ವಾನ್ ಡೀನ್ ಎಂಬ ಡಚ್ ವಿಜ್ಞಾನಿಯು ಗ್ವಾಯಕ್ ಎಂಬ ಮರದ ಅಂಟಿನಿಂದ ಸಾಧಿಸಿದನು. ರಕ್ತದ ಹೀಮ್ ಅಂಶವು ಹೈಡ್ರೋಜನ್ ಪೆರಾಕ್ಸೈಡಿನೊಡನೆ ಸೇರಿದಾಗ ಆ ಅಂಟು ನೀಲಿಯಾಗುತ್ತದೆ. ಸರಳವೂ ಅಲ್ಪವ್ಯಯದ್ದೂ ಆದ ಈ ಪರೀಕ್ಷೆಗೆ ದೋಷಗಳಿಲ್ಲದಿಲ್ಲ. ಮಾಂಸಾಹಾರವೂ ಕೆಲವು ಹಸಿ ತರಕಾರಿಗಳೂ ಇಲ್ಲದ ರಕ್ತವನ್ನು ಇದೆಯೆಂದು ತೋರಿಸುವುದುಂಟು. ಸಿ ಜೀವಸತ್ತ್ವದ ಅತಿಸೇವನೆ ಇದ್ದ ರಕ್ತವನ್ನು ಮರೆಸುವುದುಂಟು.

ಇದರ ತರುವಾಯ ಬಂದ ಪ್ರತಿಕಾಯ ಪರೀಕ್ಷೆಯು ಮಾನವರಕ್ತದ ಗ್ಲೋಬಿನನ್ನು ಮಾತ್ರ ಹಿಡಿಯುತ್ತದೆ. ಆಹಾರದಿಂದ ಅದು ಮೋಸಹೋಗುವುದಿಲ್ಲ. ಆದರೆ ಜಠರದಲ್ಲಿ ಸೋರಿದ ರಕ್ತದ ಗ್ಲೋಬಿನು ದೊಡ್ಡಕರುಳನ್ನು ತಲುಪುವಷ್ಟರಲ್ಲಿ ಜೀರ್ಣವಾಗಿಹೋಗಿರುತ್ತದೆ. ಸಿರೋಸಿಸ್ ರೋಗಿಯ ಭಯವೆಲ್ಲ ಅನ್ನನಾಳ ಜಠರಗಳಲ್ಲಿ. ಈ ಪರೀಕ್ಷೆಯ ಸಾಮರ್ಥ್ಯವೆಲ್ಲ ದೊಡ್ಡಕರುಳಿನಲ್ಲಿ. ಆದುದರಿಂದ ಪರೀಕ್ಷೆಯಲ್ಲಿ ರಕ್ತ ಕಾಣಲಿಲ್ಲವೆಂದು ನಿಶ್ಚಿಂತನಾಗಿರುವುದು ತಪ್ಪು. ಉಬ್ಬಿದ ಸಿರೆಗಳನ್ನು ನಿಶ್ಚಯವಾಗಿ ಕಾಣಿಸುವುದು ಅಂತರ್ದರ್ಶಕ ಯಂತ್ರ, ಅಂದರೆ ಎಂಡೋಸ್ಕೋಪಿ. ರೋಗ ಗೊತ್ತಾದಾಗಲೇ ಅದು ಯಾರಿಗೆ ಬೇಕು, ಯಾರಿಗೆ ಸದ್ಯಕ್ಕೆ ಬೇಡ ಎಂಬುದನ್ನು ಯಕೃತ್ತಿನ ಗಡಸುತನದ ಅಳತೆ ಮತ್ತು ರಕ್ತದ ಪ್ಲೇಟ್‌ಲೆಟ್ ಕಣಗಳ ಎಣಿಕೆಯಿಂದ ವೈದ್ಯರು ನಿರ್ಣಯಿಸುತ್ತಾರೆ.

ಮೂರನೆಯದು: ಶ್ವೇತವರ್ಣ

ಮಲದ ಸಹಜವಾದ ಕಂದುಬಣ್ಣವು ಪಿತ್ತರಸದ ದಾನ. ಮಲವು ಜೇಡಿಮಣ್ಣಿನಂತೆ ಬಿಳಿಚಿದರೆ ಪಿತ್ತದ ಮಾರ್ಗ ಮುಚ್ಚಿದೆಯೆಂದು ಅರ್ಥ. ವಯಸ್ಕರಲ್ಲಿ ಕಲ್ಲೋ ಗಡ್ಡೆಯೋ ಕಾರಣವಾಗಿರಬಹುದು. ಎಳೆಗೂಸಿನಲ್ಲಿ ಇದು ಅತ್ಯಂತ ಗಂಭೀರ. ಕೆಲವು ಶಿಶುಗಳಲ್ಲಿ ಪಿತ್ತನಾಳವೇ ಬತ್ತಿಹೋಗಿ, ಚಿಕಿತ್ಸೆಯಿಲ್ಲದಿದ್ದರೆ ಯಕೃತ್ತು ಕೆಲವೇ ತಿಂಗಳುಗಳಲ್ಲಿ ಗಡುಸಾಗಿಬಿಡುತ್ತದೆ. ಜಪಾನಿನ ಶಸ್ತ್ರವೈದ್ಯ ಮೊರಿಯೊ ಕಸಾಯಿ 1959ರಲ್ಲಿ ಪ್ರಕಟಿಸಿದ ಶಸ್ತ್ರಕ್ರಿಯೆಯು ಇಂಥ ಶಿಶುಗಳಿಗೆ ಆಧಾರ. ಆದರೆ ಅದು ಹುಟ್ಟಿದ 60 ದಿನಗಳೊಳಗೆ ನಡೆದರೆ ಫಲ ಹೆಚ್ಚು. ತೈವಾನ್ ದೇಶದಲ್ಲಿ 2004ರಿಂದ ಪ್ರತಿಯೊಬ್ಬ ತಾಯಿಗೂ ಮಲದ ಬಣ್ಣಗಳನ್ನು ಮುದ್ರಿಸಿದ ಒಂದು ಚೀಟಿಯನ್ನು ಕೊಡುತ್ತಾರೆ. ತಾಯಿಯು ಕೂಸಿನ ಮಲವನ್ನು ಆ ಬಣ್ಣಗಳೊಡನೆ ಹೋಲಿಸಿ ನೋಡಿ, ಬಿಳಿಚಿದ್ದರೆ ಕೂಡಲೇ ತಿಳಿಸುತ್ತಾಳೆ. ಹೀಗೆ ಒಂದು ಕಾಗದದ ಚೂರಿನಿಂದ ಆ ದೇಶದಲ್ಲಿ ಶಸ್ತ್ರಕ್ರಿಯೆಯು ಸಕಾಲದಲ್ಲಿ ನಡೆಯುವುದು ಹೆಚ್ಚಾಯಿತು.

ನಮ್ಮ ಸೀಮೆಯಲ್ಲಿ ಕಾಮಣಿಯೆಂದೊಡನೆ ಮೈಮೇಲೆ ಬರೆಹಾಕಿಸುವ ರೂಢಿ ಕೆಲವೆಡೆ ಇನ್ನೂ ಉಳಿದಿದೆ. ಬರೆಯಿಂದ ಮುಚ್ಚಿದ ಪಿತ್ತನಾಳ ತೆರೆಯದು. ತೆರೆಯಬಹುದಾಗಿದ್ದ 60 ದಿನಗಳು ಮಾತ್ರ ಕಳೆದುಹೋಗುತ್ತವೆ. ಹಳದಿಗಣ್ಣು ಎರಡು ವಾರ ಮೀರಿಯೂ ಮಾಸದ ಕೂಸಿನ ಮಲದ ಬಣ್ಣವನ್ನು ನೋಡಬೇಕೆಂಬ ಒಂದೇ ಮಾತು ಪ್ರತಿ ಬಾಣಂತಿಯ ಕಿವಿಗೆ ಬಿದ್ದರೆ ಎಷ್ಟೋ ಕುಲದೀಪಗಳು ಆರದೆ ಉಳಿದಾವು.

ನಾಲ್ಕನೆಯದು: ಮಲಬದ್ಧತೆ

ಬಣ್ಣದಂತೆಯೇ ಸಂಖ್ಯೆಯೂ ಒಂದು ಸೂಚಕ. ಗಡುಸಾದ ಯಕೃತ್ತು ಕರುಳಿನಿಂದ ಬಂದ ಅಮೋನಿಯಾವನ್ನು ಶೋಧಿಸಲಾರದು. ಮಲವು ಕರುಳಿನಲ್ಲಿ ನಿಂತಷ್ಟೂ ಅಮೋನಿಯಾ ಹೆಚ್ಚುತ್ತದೆ. ಆಗ ರೋಗಿಯು ಹಗಲು ತೂಕಡಿಸುತ್ತಾನೆ, ಇರುಳು ಎಚ್ಚರವಾಗಿರುತ್ತಾನೆ; ಮಾತು ತೊದಲುತ್ತದೆ; ಚಾಚಿದ ಕೈ ರೆಕ್ಕೆಯಂತೆ ಬಡಿಯುತ್ತದೆ; ಬರವಣಿಗೆ ಸೊಟ್ಟಾಗುತ್ತದೆ. ವರ್ಷಗಳ ಕಾಲ ಒಂದೇ ಬಗೆಯಾಗಿ ಸಹಿ ಹಾಕುತ್ತಿದ್ದವನ ಸಹಿ ತಾನೇ ತಾನಾಗಿ ಕೆಟ್ಟರೆ, ಅದನ್ನು ಮೊದಲು ಗುರುತಿಸುವವರು ಅವನ ಅಕ್ಷರವನ್ನು ಬಲ್ಲ ಮನೆಯವರು ಮತ್ತು ಸಹೋದ್ಯೋಗಿಗಳು. ಇದನ್ನು ಕುಡಿತದ ಅಮಲೆಂದೋ ಮುಪ್ಪಿನ ಮರೆವೆಂದೋ ಭಾವಿಸಿ ಸುಮ್ಮನಿರುವುದೇ ಅನರ್ಥ.

ಲ್ಯಾಕ್ಟುಲೋಸ್ ಎಂಬ ಸಿಹಿಯಾದ ಪಾನಕವು ಇದಕ್ಕೆ ಔಷಧ. 1966ರಿಂದ ಇದು ಬಳಕೆಯಲ್ಲಿದೆ. ಇದರ ಪ್ರಮಾಣವನ್ನು ನಿರ್ಣಯಿಸುವುದು ಚಮಚೆಯಲ್ಲ, ಮಲವೇ: ದಿನಕ್ಕೆ ಎರಡು ಮೂರು ಸಲ ಮೃದುವಾಗಿ ಹೋಗುವಂತಿರಬೇಕು. ಅದಕ್ಕಿಂತ ಕಡಿಮೆಯಾದರೆ ಔಷಧ ಸಾಲದು. ನೀರಿನಂತೆ ಪದೇ ಪದೇ ಹೋದರೆ ಅತಿಯಾಯಿತು, ದೇಹದ ನೀರು ಲವಣಗಳು ಹೋಗಿ ಮಂಕು ಮರಳಿ ಬರುತ್ತದೆ. ಮಲದ ಆಕಾರವನ್ನು ಏಳು ಬಗೆಯಾಗಿ ವಿಂಗಡಿಸಿದ ಬ್ರಿಸ್ಟಲ್ ಪಟ್ಟಿಯನ್ನು 1997ರಲ್ಲಿ ಆಂಗ್ಲವೈದ್ಯರು ಪ್ರಕಟಿಸಿದರು. ಗೋಡೆಯ ಪಂಚಾಂಗದ ಮೇಲೆ ದಿನದಿನದ ಸಂಖ್ಯೆಯನ್ನು ಗುರುತು ಹಾಕುವ ಸೊಸೆಯೋ ಮೊಮ್ಮಗನೋ ಇಲ್ಲಿ ವೈದ್ಯನ ಬಲಗೈಯಾಗುತ್ತಾರೆ.

ಐದನೆಯದು: ಕ್ಯಾಲ್‌ಪ್ರೊಟೆಕ್ಟಿನ್

ಇದುವರೆಗಿನವು ಕಣ್ಣಿಗೂ ಸರಳ ಪರೀಕ್ಷೆಗೂ ನಿಲುಕುವಂಥವು. ಈಗ ಹೇಳುವುದು ಪ್ರಯೋಗಶಾಲೆಯ ಸೂಚಕ. ಸೋಂಕಿನೊಡನೆ ಹೋರಾಡುವ ಬಿಳಿಯ ರಕ್ತಕಣಗಳಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನು ತುಂಬಿದೆ. ನಾರ್ವೆಯ ಮಾಗ್ನೆ ಫಾಗರ್‌ಹೋಲ್ ಮತ್ತು ಸಂಗಡಿಗರು 1980ರಲ್ಲಿ ಇದನ್ನು ಬೇರ್ಪಡಿಸಿದರು. ಕರುಳಿನ ಗೋಡೆಯಲ್ಲಿ ಉರಿಯೂತವಾದಾಗ ಬಿಳಿಕಣಗಳು ಅಲ್ಲಿಗೆ ನುಗ್ಗಿ, ಈ ಪ್ರೋಟೀನು ಮಲದಲ್ಲಿ ಸೇರುತ್ತದೆ. ಅದು ಬೇಗ ಕೆಡದಿರುವುದರಿಂದ ದೂರದ ಹಳ್ಳಿಯಿಂದ ಮಾದರಿಯನ್ನು ತರುವುದೂ ಕಷ್ಟವಲ್ಲ. ಆರೋಗ್ಯವಂತ ವಯಸ್ಕರಲ್ಲಿ ಮಲದ ಒಂದು ಗ್ರಾಮಿಗೆ 50 ಮೈಕ್ರೋಗ್ರಾಮಿನೊಳಗೆ ಇರುವುದು ಸಾಮಾನ್ಯ.

ಸಿರೋಸಿಸ್‌ನಲ್ಲಿ ಒತ್ತಡದಿಂದ ಊದಿದ ಕರುಳಿನ ಗೋಡೆಯು ಸಡಿಲವಾಗಿ, ಒಳಗಿನ ಸೂಕ್ಷ್ಮಾಣುಗಳು ಜಲೋದರದ ನೀರನ್ನೂ ರಕ್ತವನ್ನೂ ಸೇರುವ ಭಯವಿದೆ. ಈ ಸಡಿಲತೆಯನ್ನು ಕ್ಯಾಲ್‌ಪ್ರೊಟೆಕ್ಟಿನ್ ಮುಂಚಿತವಾಗಿ ತಿಳಿಸಬಲ್ಲುದೇ ಎಂಬುದು ಪ್ರಶ್ನೆ. ಜರ್ಮನಿಯ ಮ್ಯೂನಿಕ್ ನಗರದ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಸ್ತಿಷ್ಕವಿಕಾರವಿದ್ದವರಲ್ಲಿಯೂ ಜಲೋದರಕ್ಕೆ ಸೋಂಕು ತಗಲಿದವರಲ್ಲಿಯೂ ಇದು ಏರಿರುವುದು ಕಂಡುಬಂದಿತು. ಆಶಾದಾಯಕವಾದ ಮಾತೇನೋ ಅಹುದು. ಆದರೆ ಭೇದಿ, ಕರುಳಿನ ಇತರ ಉರಿಯೂತಗಳು, ನೋವುನಿವಾರಕ ಮಾತ್ರೆಗಳು ಇವೆಲ್ಲವೂ ಇದನ್ನು ಏರಿಸುತ್ತವೆ. ಆದುದರಿಂದ ಏರಿದ ಸಂಖ್ಯೆಯು ಸಂದೇಹವನ್ನು ಹುಟ್ಟಿಸುತ್ತದೆಯೇ ಹೊರತು ನಿರ್ಣಯವನ್ನು ಕೊಡುವುದಿಲ್ಲ. ಜಲೋದರದ ಸೋಂಕಿನ ನಿರ್ಣಯಕ್ಕೆ ಸೂಜಿಯಿಂದ ಹೊಟ್ಟೆಯ ನೀರನ್ನು ತೆಗೆದು ಎಣಿಸಲೇಬೇಕು. ಒಂದು ಘನ ಮಿಲಿಮೀಟರಿನಲ್ಲಿ ನ್ಯೂಟ್ರೋಫಿಲ್ ಕಣಗಳು 250 ಅಥವಾ ಮೇಲ್ಪಟ್ಟಿದ್ದರೆ ಚಿಕಿತ್ಸೆ ತಡಮಾಡಬಾರದು.

ಆರನೆಯದು: ಸೂಕ್ಷ್ಮಾಣುಗಳ ಕುಲಗೋತ್ರ

ಮಲದಲ್ಲಿರುವ ಅಸಂಖ್ಯ ಸೂಕ್ಷ್ಮಾಣುಗಳ ಜೀನುಗಳನ್ನೇ ಓದುವ ವಿದ್ಯೆ ಈಚಿನದು. 2014ರಲ್ಲಿ ಚೀನದ ವಿಜ್ಞಾನಿಗಳು 98 ಮಂದಿ ಸಿರೋಸಿಸ್ ರೋಗಿಗಳ ಮತ್ತು 83 ಮಂದಿ ಆರೋಗ್ಯವಂತರ ಮಲವನ್ನು ಹೋಲಿಸಿ, 75,245 ಜೀನುಗಳಲ್ಲಿ ವ್ಯತ್ಯಾಸವನ್ನು ಕಂಡರು. ರೋಗಿಗಳಲ್ಲಿ ಹೆಚ್ಚಿದ್ದ ಸೂಕ್ಷ್ಮಾಣುಗಳಲ್ಲಿ ಅರ್ಧಕ್ಕೂ ಮಿಗಿಲಾದ ಪ್ರಭೇದಗಳು ಬಾಯಿಯ ನಿವಾಸಿಗಳು! ಬಾಯಲ್ಲಿರಬೇಕಾದವು ಕರುಳಿನಲ್ಲಿ ಮನೆಮಾಡಿದ್ದವು. ಈ ವಿದ್ಯೆಯು ಇನ್ನೂ ಸಂಶೋಧನೆಯ ತೊಟ್ಟಿಲಲ್ಲಿದೆ. ರೋಗಿಯ ಹಾಸಿಗೆಯ ಬಳಿಗೆ ಬಂದಿಲ್ಲ.

ಒಂದು ಉದಾಹರಣೆ

ಇಷ್ಟನ್ನೂ ಒಂದು ಕಲ್ಪಿತ ನಿದರ್ಶನದಿಂದ ಸ್ಪಷ್ಟಪಡಿಸಬಹುದು. ಭೂತನಾಳದ ಕಡೆಯ ಒಬ್ಬ ವೃದ್ಧ ರೈತನೆಂದಿಟ್ಟುಕೊಳ್ಳಬೇಕು. ಕಾಲು ಬಾತಿದೆ, ಹೊಟ್ಟೆ ತುಸು ಉಬ್ಬಿದೆ. ವೈದ್ಯರು ಸಿರೋಸಿಸ್ ಎಂದಿದ್ದಾರೆ. ಒಂದು ಮುಂಜಾನೆ ಮಲವು ಕಪ್ಪಾಗಿ ಹೋಯಿತು. ಅವನು ಯಾರಿಗೂ ಹೇಳಲಿಲ್ಲ. ಸೊಸೆಯ ಮುಂದೆ ಆಡುವ ಮಾತೇ ಅದು? ಮರುದಿನ ಮತ್ತೆ ಹಾಗೆಯೇ ಆಯಿತು. ಮೂರನೆಯ ದಿನ ಅವನು ಮಂಕಾಗಿ ಕುಳಿತನು. ಮನೆಯವರು ನಿದ್ದೆಗೆಟ್ಟಿದ್ದಾನೆಂದು ಭಾವಿಸಿದರು. ನಾಲ್ಕನೆಯ ದಿನ ರಕ್ತವಾಂತಿಯಾಯಿತು. ಭೂತನಾಳದಿಂದ ವಿಜಯಪುರ ನಗರವು ಕೂಗಳತೆಯ ದೂರ. ಅಲ್ಲಿ 1984ರಲ್ಲಿ ಆರಂಭವಾದ ಅಲ್-ಅಮೀನ್ ವೈದ್ಯಕೀಯ ಮಹಾವಿದ್ಯಾಲಯವಿದೆ. 1986ರಲ್ಲಿ ಆರಂಭವಾದ ಶ್ರೀ ಬಿ. ಎಂ. ಪಾಟೀಲ ವೈದ್ಯಕೀಯ ಮಹಾವಿದ್ಯಾಲಯವಿದೆ, ಜಿಲ್ಲಾ ಆಸ್ಪತ್ರೆಯಿದೆ. ದಾರಿ ದೂರವಾಗಿರಲಿಲ್ಲ, ಮಾತು ದೂರವಾಗಿತ್ತು. ಮೊದಲ ದಿನವೇ ಆ ಒಂದು ಮಾತನ್ನು ಆಡಿದ್ದರೆ ಉಬ್ಬಿದ ಸಿರೆಗೆ ಪಟ್ಟಿ ಬಿಗಿದು ರಕ್ತವನ್ನು ತಡೆಯಲು ಅವಕಾಶವಿತ್ತು.

ಮನೆಯವರಿಗೆ ಕೆಲವು ನಿಯಮಗಳು

ಸಿರೋಸಿಸ್ ರೋಗಿಯಿರುವ ಮನೆಯಲ್ಲಿ ಪಾಲಿಸತಕ್ಕ ನಿಯಮಗಳನ್ನು ಹೀಗೆ ಸಂಗ್ರಹಿಸಬಹುದು.

1. ಮಲದ ಬಣ್ಣವನ್ನು ರೋಗಿಯು ದಿನವೂ ತಾನೇ ನೋಡಬೇಕು. ನೋಡಲಾರದಿದ್ದರೆ ಮನೆಯವರು ನೋಡಬೇಕು.

2. ಡಾಂಬರಿನಂತೆ ಕಪ್ಪಾದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

3. ಒಂದು ದಿನ ಮಲಬದ್ಧತೆಯಾದರೂ ವೈದ್ಯರು ಹೇಳಿದ ಔಷಧವನ್ನು ಸರಿಪಡಿಸಿಕೊಳ್ಳಬೇಕು. ನಿದ್ರೆಯ ಮಾತ್ರೆಗಳನ್ನು ತಾವಾಗಿ ಕೊಡಬಾರದು.

4. ಜ್ವರ, ಹೊಟ್ಟೆನೋವು ಅಥವಾ ಮಂಕು ಕಂಡರೆ ಜಲೋದರದ ನೀರಿನ ಪರೀಕ್ಷೆಯಾಗಬೇಕು.

5. ಮದ್ಯವನ್ನು ಸಂಪೂರ್ಣ ತ್ಯಜಿಸಬೇಕು. ನೋವಿನ ಮಾತ್ರೆಗಳನ್ನು ಕೇಳದೆ ನುಂಗಬಾರದು.

6. ಅನ್ನವನ್ನು ಬಿಡಿಸಬಾರದು. ಹಿಂದೆ ಇಂಥ ರೋಗಿಗಳಿಗೆ ಪ್ರೋಟೀನನ್ನು ನಿಷೇಧಿಸುತ್ತಿದ್ದರು. ಈಗ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನು ಬೇಕೆಂದು ವಿಧಿಸುತ್ತಾರೆ. ನಮ್ಮ ಬಿಳಿಜೋಳದ ರೊಟ್ಟಿ, ಬೇಳೆ, ಮೊಸರುಗಳು ಇದಕ್ಕೆ ಒಪ್ಪುವಂಥವೇ. ಉಪ್ಪು ಮಾತ್ರ ಮಿತವಾಗಿರಲಿ.

ಉಪಸಂಹಾರ

ರೋಗ ಬಂದ ಮೇಲೆ ಸೂಚಕಗಳನ್ನು ಓದುವುದಕ್ಕಿಂತ ರೋಗವೇ ಬಾರದಂತೆ ತಡೆಯುವುದು ಮೇಲು. ಹೆಪಟೈಟಿಸ್ ಬಿ ಲಸಿಕೆಯು ಈಗ ದೇಶದ ಸಾರ್ವತ್ರಿಕ ಲಸಿಕೆಯ ಕಾರ್ಯಕ್ರಮದಲ್ಲಿ ಸೇರಿದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ರೋಗಗಳಿಗೆ ಉಚಿತ ಪರೀಕ್ಷೆ ಚಿಕಿತ್ಸೆಗಳಿವೆ. ಇವುಗಳನ್ನು ಬಳಸಿಕೊಳ್ಳುವುದು ಪ್ರಜೆಗಳ ಹೊಣೆ.

ಮಲಪರೀಕ್ಷೆಯು ಎಂಡೋಸ್ಕೋಪಿಗೂ ಜಲಪರೀಕ್ಷೆಗೂ ಬದಲಾಗಲಾರದು. ಅವುಗಳ ಬಾಗಿಲಿಗೆ ರೋಗಿಯನ್ನು ಸಕಾಲದಲ್ಲಿ ಕರೆತರುವ ದೂತನಾಗಬಲ್ಲುದು. ದೂತನು ತಂದ ಓಲೆಯನ್ನು ನಾಚಿಕೆಯಿಂದ ಬಿಚ್ಚದೆ ಇಟ್ಟರೆ ದೂತನ ದೋಷವೇನು? ಶಾಲೆಯಲ್ಲಿ ಎರಡು ಬೆರಳೆತ್ತಿದ ಮಗುವಿಗೆ ಗುರುಗಳು ಗದರದೆ ಅನುಮತಿಯನ್ನೀಯುತ್ತಾರೆ. ಅದೇ ಸಹಜತೆಯಿಂದ, ಆರೋಗ್ಯದ ಪಾಠದಲ್ಲಿ ಈ ವಿಷಯವನ್ನೂ ನಾಲ್ಕು ಮಾತಿನಲ್ಲಿ ತಿಳಿಸಿದರೆ, ಆ ಮಗುವು ಮನೆಗೆ ಹೋಗಿ ಅಜ್ಜನನ್ನು ಕೇಳಬೇಕಾದ ಪ್ರಶ್ನೆಯನ್ನು ನಾಚದೆ ಕೇಳೀತು. ಅಜ್ಜನೂ ನಾಚದೆ ಉತ್ತರಿಸಿಯಾನು.